ಹಳೆಯ ಪೆಟ್ರೋಲ್ ಸ್ಪೋರ್ಟ್ಸ್ ಕಾರು ಫಿಟ್‌ನೆಸ್ ತಪಾಸಣೆಯಲ್ಲಿ ಫೇಲ್ ಆದಾಗ: ಮೂಲ ದೋಷ ಹುಡುಕುವ ಬಗೆ

ಫೇಲ್ ಎಂದು ಕೈಗೆ ಬರುವ ಹಾಳೆಯಲ್ಲಿ ಇರುವುದು ಲಕ್ಷಣ, ಕಾರಣವಲ್ಲ. 'ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು' ಎಂದು ಬರೆದಿದ್ದರೆ ಮೊದಲು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲಗಳನ್ನು ಸುಟ್ಟು ತೆಗೆಯುವ, ಸೈಲೆನ್ಸರ್ ಪೈಪಿನಲ್ಲಿರುವ ಭಾಗ) ಮೇಲೆ ಅನುಮಾನ ಹೋಗುತ್ತದೆ. 'ಹಿಂದಿನ ಬ್ರೇಕ್ ಅಸಮ' ಎಂದಿದ್ದರೆ ಪ್ಯಾಡ್ ಬದಲಿಸುತ್ತಾರೆ. ಎರಡು ಕಡೆಯೂ ದುಡ್ಡು ಖರ್ಚಾಗಿ, ದೋಷ ಮಾತ್ರ ಇದ್ದಲ್ಲೇ ಉಳಿಯುವುದೇ ಹೆಚ್ಚು. ಹಾಗಾಗಿ ಯಾವುದೇ ಬಿಡಿಭಾಗ ಕೊಳ್ಳುವ ಮುನ್ನ ಅಳತೆ ಮಾಡಿ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಈ ಬಗೆಯ ಕಾರುಗಳು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದು ಹೆಚ್ಚು. ವರ್ಷದಲ್ಲಿ ಬಹುಪಾಲು ದಿನ ಕವರ್ ಹೊದ್ದು ನಿಂತ ಕಾರಿನಲ್ಲಿ ಕ್ಯಾಲಿಪರ್ (ಡಿಸ್ಕಿನ ಮೇಲೆ ಪ್ಯಾಡ್ ಒತ್ತುವ ಬ್ರೇಕ್ ಭಾಗ) ಹಿಡಿದುಕೊಳ್ಳುತ್ತದೆ, ರಬ್ಬರ್ ಬಿರಿಯುತ್ತದೆ, ಬಾಡಿಯ ಪೊಳ್ಳು ಜಾಗಗಳಲ್ಲಿ ನೀರು ನಿಲ್ಲುತ್ತದೆ. ಕಡಿಮೆ ಕಿಲೋಮೀಟರ್ ಓಡಿದೆ ಎಂಬ ಕಾರಣಕ್ಕೆ ಯಾವ ಭಾಗವನ್ನೂ ಅನುಮಾನದಿಂದ ಬಿಡಬೇಡಿ.

ಇಲ್ಲಿ ಕೊಟ್ಟಿರುವ ಮಿತಿಗಳು ವಾಹನ ತಪಾಸಣೆಯ ಬಗ್ಗೆ ಐರೋಪ್ಯ ಒಕ್ಕೂಟ ಹೊರಡಿಸಿದ 2014/45 ನಿರ್ದೇಶನದವು. ನಿಮ್ಮ ಕಾರಿಗೆ ಅನ್ವಯಿಸುವ ನಿಯಮದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ದೋಷ ಹುಡುಕುವ ದಾರಿ ಮಾತ್ರ ಎಲ್ಲ ಕಡೆಯೂ ಒಂದೇ.

ಹೊಗೆ ಪರೀಕ್ಷೆ

ಕನ್ವರ್ಟರ್ ಇರುವ ಪೆಟ್ರೋಲ್ ಕಾರಿಗೆ, ತಯಾರಕರು ಬೇರೆ ಮಿತಿ ಕೊಟ್ಟಿರದಿದ್ದರೆ, ಐಡ್ಲಿಂಗ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗ) ಕಾರ್ಬನ್ ಮೊನಾಕ್ಸೈಡ್ ಶೇ 0.5 ಮೀರಬಾರದು. ಎಂಜಿನ್ ವೇಗ ನಿಮಿಷಕ್ಕೆ 2000 ಸುತ್ತು ದಾಟಿದ ಮೇಲೆ ಶೇ 0.3 ಮೀರಬಾರದು. 2002ರ ಜುಲೈ ನಂತರ ಮೊದಲು ನೋಂದಣಿಯಾದ ಕಾರುಗಳಿಗೆ ಈ ಮಿತಿ ಕ್ರಮವಾಗಿ 0.3 ಮತ್ತು 0.2. ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಲ್ಯಾಂಬ್ಡಾ ಎಂದರೆ ಗಾಳಿ ಮತ್ತು ಪೆಟ್ರೋಲಿನ ಅನುಪಾತ ಸರಿಯಾದ ಅಳತೆಗಿಂತ ಎಷ್ಟು ಆಚೀಚೆ ಇದೆ ಎನ್ನುವ ಸಂಖ್ಯೆ. 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಜಾಸ್ತಿ, 1ಕ್ಕಿಂತ ಹೆಚ್ಚಾದರೆ ಗಾಳಿ ಜಾಸ್ತಿ.

ಪರೀಕ್ಷಾ ಯಂತ್ರದ ಪ್ರಿಂಟ್ ಬಿಸಾಡಬೇಡಿ. ಅದರಲ್ಲಿರುವ ಅಂಕಿಗಳನ್ನು ಜೊತೆಜೊತೆಯಾಗಿ ಓದಿದರೆ ಅರ್ಧ ಕೆಲಸ ಮುಗಿದಂತೆ.

ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದು, ಲ್ಯಾಂಬ್ಡಾ 0.97ಕ್ಕಿಂತ ಕೆಳಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿದೆ. ಹೊಸ ಕನ್ವರ್ಟರ್ ಹಾಕಿದರೂ ಇದು ಸರಿಹೋಗದು, ಏಕೆಂದರೆ ಉಳಿದ ಇಂಗಾಲವನ್ನು ಸುಡಲು ಬೇಕಾದ ಆಮ್ಲಜನಕವೇ ಹೊಗೆಯಲ್ಲಿರುವುದಿಲ್ಲ. ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) ಬಹಳ ಹೆಚ್ಚು, ಆಮ್ಲಜನಕವೂ ಹೆಚ್ಚು, ಆದರೆ ಕಾರ್ಬನ್ ಮೊನಾಕ್ಸೈಡ್ ಸಾಧಾರಣ ಎಂದಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಲ್ಯಾಂಬ್ಡಾ ಮಾತ್ರ 1.03 ದಾಟಿದ್ದು, ಎಂಜಿನ್ ನುಣ್ಣಗೆ ಓಡುತ್ತಿದ್ದರೆ ಸೈಲೆನ್ಸರ್ ಪೈಪಿನಲ್ಲಿ ಎಲ್ಲೋ ತೂತಿದ್ದು ಹೊರಗಿನ ಗಾಳಿ ಒಳಗೆ ಸೇರುತ್ತಿದೆ. ಲ್ಯಾಂಬ್ಡಾ ಸರಿಯಾಗಿ 1ರ ಆಸುಪಾಸು ಇದ್ದು, ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎರಡೂ ಹೆಚ್ಚಿದ್ದರೆ, ಆಗ ಮಾತ್ರ ಕನ್ವರ್ಟರ್ ಸತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಒಳಕ್ಕೆ ಬಂದ ಮಿಶ್ರಣ ಸರಿ ಇದೆ, ಉಳಿದದ್ದನ್ನು ಸುಡಬೇಕಾದದ್ದು ಸುಡುತ್ತಿಲ್ಲ.

ಪೆಟ್ರೋಲ್ ಜಾಸ್ತಿ ಎಂದಾದರೆ ಸುಲಭದ್ದರಿಂದ ಶುರು ಮಾಡಿ. ಎಂಜಿನ್ ಬಿಸಿಯಾಗುತ್ತಿದೆಯೇ ನೋಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ಉಳಿದಿದ್ದರೆ ಕೂಲೆಂಟ್ 80 ಡಿಗ್ರಿ ಮುಟ್ಟುವುದೇ ಕಷ್ಟ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲ್ ಹೆಚ್ಚಿಸುತ್ತಲೇ ಇರುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಹಲವು ನಿಮಿಷ ಅದು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ.

ನಂತರ ಕೂಲೆಂಟ್ ಉಷ್ಣತೆಯ ಸೆನ್ಸರ್. ಪ್ಲಗ್ ಕಿತ್ತು ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 200ರಿಂದ 400 ಓಮ್ ಬರುತ್ತದೆ. ಬಿಸಿ ಎಂಜಿನ್‌ನಲ್ಲೂ ಕಿಲೋಓಮ್ ತೋರಿಸುತ್ತಿದ್ದರೆ ಸೆನ್ಸರ್ ಹೋಗಿದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಬಹಳ ಕಾರುಗಳಲ್ಲಿ ಬೇರೆಯೇ ಸೆನ್ಸರ್ ಇರುತ್ತದೆ. ಮುಳ್ಳು ಸರಿಯಾಗಿ ತೋರಿಸುತ್ತಿದೆ ಎಂದು ಇದನ್ನು ಬಿಟ್ಟುಬಿಡಬೇಡಿ.

ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಎಳೆದು ಮೂಸಿ. ಒಳಗೆ ಪೆಟ್ರೋಲಿನ ಪಸೆ ಇದ್ದರೆ ಡಯಾಫ್ರಂ ಹರಿದಿದೆ, ಮೀಟರ್ ಹಾಕುವ ಅಗತ್ಯವೂ ಇಲ್ಲ. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಚಾರ್ಕೋಲ್ ಕ್ಯಾನಿಸ್ಟರಿನಿಂದ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ) ಹೋಗುವ ಹೋಸನ್ನು ಮೆತ್ತಗೆ ಕ್ಲ್ಯಾಂಪ್ ಮಾಡಿದಾಗ ಕಾರ್ಬನ್ ಮೊನಾಕ್ಸೈಡ್ ಇಳಿದರೆ ಆ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಬಹಳ ಜನ ಯೋಚಿಸದ ಇನ್ನೊಂದು ಕಾರಣವಿದೆ: ಎಂಜಿನ್ ಆಯಿಲ್. ಗ್ಯಾರೇಜಿನಿಂದ ಹೊರಗೆ ತೆಗೆದು ಮತ್ತೆ ಒಳಗಿಡಲು ಮಾತ್ರ ಚಾಲೂ ಮಾಡಿದ ಕಾರಿನಲ್ಲಿ ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದು, ಬಿಸಿಯಾದಾಗ ಆವಿಯಾಗಿ ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಕೊಳವೆ) ಮೂಲಕ ಇನ್‌ಟೇಕ್ ಸೇರುತ್ತದೆ. ಬ್ರೀದರ್ ಹೋಸ್ ಕಳಚಿ ಇನ್‌ಟೇಕ್ ಕಡೆಯ ಬಾಯಿ ಮುಚ್ಚಿದಾಗ ಅಂಕಿ ಸ್ಪಷ್ಟವಾಗಿ ಇಳಿದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅಷ್ಟರಲ್ಲೇ ಪಾಸಾಗುವ ಕಾರುಗಳಿವೆ.

ಹೊಗೆಯಲ್ಲಿನ ಆಮ್ಲಜನಕ ಅಳೆದು ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರಿನ ಪರೀಕ್ಷೆಗೆ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಸಾಮಾನ್ಯ ಜಿರ್ಕೋನಿಯಾ ಸೆನ್ಸರಿನ ಸಿಗ್ನಲ್ ತಂತಿಗೆ ಮಲ್ಟಿಮೀಟರ್ ಹಿಡಿದು ಎಂಜಿನ್ ವೇಗವನ್ನು 2500ಕ್ಕೆ ನಿಲ್ಲಿಸಿ. ವೋಲ್ಟೇಜ್ 0.1 ಮತ್ತು 0.9ರ ನಡುವೆ ಮೇಲೆ ಕೆಳಗೆ ಓಡಾಡುತ್ತಿರಬೇಕು. 10 ಸೆಕೆಂಡಿನಲ್ಲಿ 8 ಸಲವಾದರೂ ದಾಟಿದರೆ ಸೆನ್ಸರ್ ಚುರುಕಾಗಿದೆ. ಎರಡು ಮೂರು ಸಲ ಮಾತ್ರ ಸೋಮಾರಿಯಾಗಿ ಅತ್ತಿತ್ತ ಹೋದರೆ ಬದಲಿಸಿ. 0.1ರ ಹತ್ತಿರ ಅಂಟಿಕೊಂಡು ನಿಂತಿದ್ದರೆ ಮಾತ್ರ ಅವಸರಪಡಬೇಡಿ. ಸೆನ್ಸರ್ ಸತ್ತಿರಬಹುದು, ಅಥವಾ ಅದು ಕಾಣುತ್ತಿರುವ ಆಮ್ಲಜನಕ ನಿಜವಾಗಿಯೂ ಅಲ್ಲಿರಬಹುದು.

ಇಲ್ಲಿಯೇ ಅನುಭವಿಗಳೂ ದಾರಿ ತಪ್ಪುವುದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಪೈಪ್) ಬಿರುಕು ಬಿಟ್ಟಿದ್ದರೆ ಅಥವಾ ಗ್ಯಾಸ್ಕೆಟ್ ಹೋಗಿದ್ದರೆ, ಹೊಗೆಯ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಆ ಗಾಳಿಯ ಆಮ್ಲಜನಕವನ್ನು ಸೆನ್ಸರ್ ಕಾಣುತ್ತದೆ. ಪೆಟ್ರೋಲ್ ಸಾಲದು ಎಂದು ಇಸಿಯು ಇನ್ನಷ್ಟು ಸುರಿಯುತ್ತದೆ. ಹೀಗೆ ಗಾಳಿ ಸೋರಿಕೆಯೊಂದು ಪೆಟ್ರೋಲ್ ಜಾಸ್ತಿಯಾದ ಎಂಜಿನ್ನಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಸಿಲಿಂಡರ್ ಮಿಸ್ ಆಗುತ್ತಿದ್ದರೂ ಇದೇ ಆಗುತ್ತದೆ, ಏಕೆಂದರೆ ಉರಿಯದ ಸಿಲಿಂಡರಿನ ಆಮ್ಲಜನಕ ಹಾಗೆಯೇ ಹೊರಗೆ ಬರುತ್ತದೆ. ಆದ್ದರಿಂದ ಸೆನ್ಸರ್ ಬದಲಿಸುವ ಮೊದಲು ತಣ್ಣನೆಯ ಎಂಜಿನ್ ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರಿನ ತುದಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಮ್ಯಾನಿಫೋಲ್ಡಿನ ಸುತ್ತ ಟಿಕ್ ಟಿಕ್ ಸದ್ದಿಗೆ ಕಿವಿಗೊಡಿ. ಬಯಲಿನಲ್ಲಿ ಮಾತ್ರ ಇದನ್ನು ಮಾಡಿ. ಜಾಯಿಂಟಿನ ಅಂಚಿನಲ್ಲಿ ಮಸಿಯ ಗೆರೆ ಕಂಡರೆ ಸೋರಿಕೆ ಅಲ್ಲೇ. ಬಿರುಕು ಮುಚ್ಚಿಕೊಳ್ಳುವುದರಿಂದ ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ. ಹುಡುಕುವುದಾದರೆ ಮೊದಲ ಎರಡು ನಿಮಿಷದಲ್ಲೇ ಹುಡುಕಬೇಕು.

ಮಿಸ್ ಆಗುತ್ತಿರುವ ಸಿಲಿಂಡರಿಗೆ ಪ್ಲಗ್ ಬಿಚ್ಚಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪ್ಲಗ್‌ಗಳನ್ನು ಸಾಲಾಗಿ ಇಟ್ಟು ಹೋಲಿಸಿ. ಒಂದು ಮಾತ್ರ ಕಪ್ಪು ಮಸಿ ಹಿಡಿದು ಒದ್ದೆಯಾಗಿದ್ದರೆ ಆ ಸಿಲಿಂಡರಿನ ತಂತಿ, ಕಾಯಿಲ್ ಅಥವಾ ಇಂಜೆಕ್ಟರ್ ನೋಡಿ. ಪ್ಲಗ್ ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಆ ಎಣ್ಣೆ ಪ್ಲಗ್ ತಂತಿಯ ರಬ್ಬರನ್ನು ಮೆತ್ತಗಾಗಿಸಿ ಕಿಡಿ ಪಕ್ಕಕ್ಕೆ ಹಾರುವಂತೆ ಮಾಡುತ್ತದೆ. ಗ್ಯಾಸ್ಕೆಟ್ ಬದಲಿಸದೆ ತಂತಿ ಮಾತ್ರ ಹಾಕಿದರೆ ಹೊಸ ತಂತಿಯೂ ಹಾಳಾಗುತ್ತದೆ.

ಎಲ್ಲ ನೋಡಿದ ಮೇಲೂ ಕನ್ವರ್ಟರೇ ಕಾರಣ ಎಂದಾದರೆ ಅದನ್ನು ಕೊಂದದ್ದು ಏನು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಮಿಸ್‌ಫೈರ್ ಅದನ್ನು ಕರಗಿಸುತ್ತದೆ, ಎಣ್ಣೆ ಕುಡಿಯುವ ಎಂಜಿನ್ ಅದರ ಮೇಲೆ ಪದರ ಕಟ್ಟುತ್ತದೆ. ಕಾರಣ ಹಾಗೇ ಇದ್ದರೆ ಹೊಸದರ ಆಯಸ್ಸೂ ಅಷ್ಟೇ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಲಗಲ ಎಂದರೆ ಒಳಗಿನ ಜೇನುಗೂಡು ಒಡೆದಿದೆ. ಮೂರನೇ ತಲೆಮಾರಿನ ಟೊಯೊಟಾ ಎಂಆರ್2ನಲ್ಲಿ ಮ್ಯಾನಿಫೋಲ್ಡಿನ ಒಳಗಿರುವ ಚಿಕ್ಕ ಕನ್ವರ್ಟರ್‌ಗಳು ಪುಡಿಯಾಗುವುದು ಗೊತ್ತಿರುವ ದೌರ್ಬಲ್ಯ. ಮ್ಯಾನಿಫೋಲ್ಡಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೆ ಜೇನುಗೂಡಿನ ಅಂಚು ಇದೆಯೋ ಪುಡಿಯಾಗಿದೆಯೋ ಕಾಣುತ್ತದೆ.

ಮರುಪರೀಕ್ಷೆಗೆ ಹೋಗುವಾಗ ಕಾರನ್ನು ಅರ್ಧ ಗಂಟೆಯಾದರೂ ಚೆನ್ನಾಗಿ ಓಡಿಸಿ. ಕನ್ವರ್ಟರ್ ಕೆಲಸ ಶುರು ಮಾಡುವುದೇ ಸುಮಾರು 250ರಿಂದ 300 ಡಿಗ್ರಿ ದಾಟಿದ ಮೇಲೆ. ಸರದಿಯಲ್ಲಿ 20 ನಿಮಿಷ ಐಡ್ಲಿಂಗ್‌ನಲ್ಲಿ ನಿಂತರೆ ಅದು ಮತ್ತೆ ತಣ್ಣಗಾಗುತ್ತದೆ. ಸೈಲೆನ್ಸರಿಗೆ ಪರೀಕ್ಷಾ ಯಂತ್ರದ ನಳಿಕೆ ಹಾಕುವ ಮುನ್ನ ಎರಡು ಮೂರು ನಿಮಿಷ 2500ರಿಂದ 3000ರಲ್ಲಿ ಎಂಜಿನ್ ಓಡಿಸಲು ಕೇಳಿಕೊಳ್ಳಿ.

ಕಾರ್ಬ್ಯುರೇಟರ್ ಕಾಲದ, ಕನ್ವರ್ಟರ್ ಇಲ್ಲದ ಕಾರುಗಳಿಗೆ ಮಿತಿ ಸಡಿಲ: ವಯಸ್ಸಿಗೆ ತಕ್ಕಂತೆ ಕಾರ್ಬನ್ ಮೊನಾಕ್ಸೈಡ್ ಶೇ 4.5 ಅಥವಾ 3.5. ಅಲ್ಲೂ ಫೇಲ್ ಆದರೆ ಮಿಶ್ರಣದ ಸ್ಕ್ರೂ ತಿರುಗಿಸುವ ಮೊದಲು ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ, ಫ್ಲೋಟ್ ಮಟ್ಟ ಸರಿಯೇ ಎಂದು ನೋಡಿ.

ಬ್ರೇಕ್

ಒಂದೇ ಆಕ್ಸಲಿನ ಎರಡು ಚಕ್ರಗಳ ಹಿಡಿತದಲ್ಲಿ ಶೇ 30ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಫೇಲ್. ಹ್ಯಾಂಡ್‌ಬ್ರೇಕಿನ ಹಿಡಿತ ಕಾರಿನ ಅನುಮತಿಸಿದ ಗರಿಷ್ಠ ತೂಕದ ಕನಿಷ್ಠ ಶೇ 16 ಇರಬೇಕು. ಸ್ಪೋರ್ಟ್ಸ್ ಕಾರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹಿಂದಿನ ಕ್ಯಾಲಿಪರ್, ಅದರಲ್ಲೂ ಹ್ಯಾಂಡ್‌ಬ್ರೇಕ್ ಯಂತ್ರ ಕ್ಯಾಲಿಪರಿನ ಒಳಗೇ ಇರುವ ಬಗೆ.

ಯಾವ ಚಕ್ರ ತಪ್ಪಿತಸ್ಥ ಎಂದು ತಿಳಿಯಲು 10 ಕಿಲೋಮೀಟರ್ ಓಡಿಸಿ, ಕೊನೆಯ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಉರುಳಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಲ್ಲ ಡಿಸ್ಕ್‌ಗಳ ಬಿಸಿ ಅಳೆಯಿರಿ. ಒಂದೇ ಆಕ್ಸಲಿನಲ್ಲಿ ಒಂದು ಡಿಸ್ಕ್ ಇನ್ನೊಂದಕ್ಕಿಂತ 30 ಡಿಗ್ರಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ತೀರಾ ತಣ್ಣಗಿದ್ದು ಡಿಸ್ಕಿನ ಮೇಲೆ ತುಕ್ಕಿನ ಪಟ್ಟಿ ಉಳಿದಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಲೇ ಇಲ್ಲ.

ಹಿಡಿದುಕೊಂಡ ಚಕ್ರವನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಕೈಯಲ್ಲಿ ತಿರುಗಿಸಿ. ಈಗ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಫ್ಲೂಯಿಡ್ ಹೊರಬಿಡುವ ಸ್ಕ್ರೂ) ಸಡಿಲಿಸಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ, ಕ್ಯಾಲಿಪರ್ ನಿರಪರಾಧಿ. ಮತ್ತೆ ಪೆಡಲ್ ಒತ್ತಿ ಬಿಟ್ಟು, ಈ ಸಲ ರಬ್ಬರ್ ಹೋಸ್ ಕಬ್ಬಿಣದ ಪೈಪಿಗೆ ಸೇರುವ ಜಾಗದಲ್ಲಿ ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಗಿಯಾಗೇ ಇದ್ದರೆ ಹೋಸ್ ಒಳಗೇ ಊದಿ ಮುಚ್ಚಿಕೊಂಡಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸ್ ಕೂಡ ಹೀಗೆ ಆಗುತ್ತದೆ. ಅಲ್ಲಿ ಸಡಿಲಿಸಿದಾಗ ಬಿಟ್ಟುಕೊಂಡರೆ ಮಾಸ್ಟರ್ ಸಿಲಿಂಡರ್ ಕಡೆ ಹೋಗಿ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಮಾತ್ರ ಪಿಸ್ಟನ್, ಕ್ಯಾಲಿಪರ್ ಜಾರುವ ಸ್ಲೈಡರ್ ಪಿನ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದಿದೆ.

ಕೇಬಲ್ಲೋ ಕ್ಯಾಲಿಪರೋ ಎಂದು ಬೇರ್ಪಡಿಸಲು ಕ್ಯಾಲಿಪರಿನ ಲಿವರಿನಿಂದ ಕೇಬಲ್ ಕಳಚಿ. ಲಿವರ್ ತಾನಾಗಿ ಹಿಂದಿನ ತಡೆಗೆ ಬಂದು ಕೂತರೆ ಕೇಬಲ್ ಬದಲಿಸಿ. ಕೈಯಿಂದ ತಳ್ಳಿದರಷ್ಟೇ ಬರುತ್ತದೆ ಎಂದರೆ ಲಿವರಿನ ಶಾಫ್ಟ್ ತುಕ್ಕು ಹಿಡಿದಿದೆ. ಹೊರಗಿನಿಂದ ಎಣ್ಣೆ ಬಿಡುವುದು ಕೆಲವು ವಾರದ ಪರಿಹಾರ, ಕ್ಯಾಲಿಪರ್ ರಿಪೇರಿ ಅಥವಾ ಬದಲಾವಣೆಯೇ ನಿಜವಾದದ್ದು.

ಸ್ಲೈಡರ್ ಪಿನ್‌ಗಳಿಗೆ ಸಿಲಿಕೋನ್ ಆಧಾರಿತ ಬ್ರೇಕ್ ಗ್ರೀಸ್ ಮಾತ್ರ ಹಾಕಿ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಊದಿಸುತ್ತದೆ, ಪಿನ್ ಮೊದಲಿಗಿಂತ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ.

ಹ್ಯಾಂಡ್‌ಬ್ರೇಕ್ ಹೊಂದಿಸುವಾಗ ಕ್ರಮ ಮುಖ್ಯ. ಕೇಬಲ್ ಪೂರ್ತಿ ಸಡಿಲ ಬಿಟ್ಟು, ಮೊದಲು ಕ್ಯಾಲಿಪರಿನಲ್ಲಿ ಅಂತರ ಹೊಂದಿಸಬೇಕು. ಮೊದಲ ಎರಡು ತಲೆಮಾರಿನ ಮಾಜ್ದಾ ಎಂಎಕ್ಸ್-5ನಲ್ಲಿ ಕ್ಯಾಲಿಪರಿನ ಹಿಂದಿನ ಬೋಲ್ಟ್ ತೆಗೆದರೆ ಒಳಗೆ 4 ಮಿ.ಮೀ. ಆಲೆನ್ ಕೀ ಕೂರುವ ಸ್ಕ್ರೂ ಇದೆ. ಚಕ್ರ ನಿಲ್ಲುವವರೆಗೆ ಬಿಗಿ ಮಾಡಿ, ಆಮೇಲೆ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಎರಡೂ ಕಡೆ ಮುಗಿದ ಮೇಲೆಯೇ ಕೇಬಲ್. ನೇರವಾಗಿ ಕೇಬಲ್ ಎಳೆದು ಬಿಗಿ ಮಾಡಿದರೆ ಲಿವರ್ ತಡೆಗೆ ಮರಳುವುದೇ ಇಲ್ಲ, ಒಳಗಿನ ಸ್ವಯಂ ಹೊಂದಾಣಿಕೆ ಕೆಲಸ ನಿಲ್ಲಿಸುತ್ತದೆ, ಮುಂದಿನ ತಪಾಸಣೆಯಲ್ಲೂ ಅದೇ ಹಾಳೆ.

ಕಬ್ಬಿಣದ ಬ್ರೇಕ್ ಪೈಪ್ ಕಣ್ಣಿಗೆ ಕಾಣುವ ಕಡೆ ಚೆನ್ನಾಗಿದ್ದು, ಪೆಟ್ರೋಲ್ ಟ್ಯಾಂಕಿನ ಮೇಲೆ ಮತ್ತು ಹಿಂದಿನ ಸಬ್‌ಫ್ರೇಮಿನ ಮೇಲೆ ಹಾದುಹೋಗುವಲ್ಲಿ, ಪ್ಲಾಸ್ಟಿಕ್ ಕ್ಲಿಪ್ಪಿನ ಅಡಿಯಲ್ಲಿ ಕೊಳೆತಿರುತ್ತದೆ. ಬದಲಿಸುವುದಾದರೆ ಸಾಮಾನ್ಯವಾಗಿ 4.75 ಮಿ.ಮೀ. ತಾಮ್ರ-ನಿಕಲ್ ಪೈಪ್ ಬಳಸಿ. ಹಳೆಯ ಪೈಪಿನ ತುದಿ ಯಾವ ಬಗೆಯ ಫ್ಲೇರ್ (ಸೋರದಂತೆ ಅಗಲಿಸಿ ಮಡಿಸಿದ ಬಾಯಿ) ಎಂದು ನೋಡಿಯೇ ಹೊಸದನ್ನು ಮಡಿಸಿ. ಬಗೆ ಹೊಂದದಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4ರ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಅದೇ ತೇವ ಕ್ಯಾಲಿಪರನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ತುಕ್ಕು

ತೆರೆದ ಮೇಲ್ಛಾವಣಿಯ ಕಾರಿನಲ್ಲಿ ಬಾಡಿಯ ಗಟ್ಟಿತನದ ಬಹುಪಾಲು ಬಾಗಿಲಿನ ಕೆಳಗಿನ ಪೊಳ್ಳು ತೊಲೆಗಳಾದ ಸಿಲ್‌ಗಳಲ್ಲಿದೆ. ಅಲ್ಲಿ ತುಕ್ಕು ಹಿಡಿದರೆ ಅದು ಅಂದದ ಮಾತಲ್ಲ, ಜೀವದ ಮಾತು. ಅದಕ್ಕೇ ತಪಾಸಕರು ಅಲ್ಲಿ ಕಟ್ಟುನಿಟ್ಟು.

ಎಂಎಕ್ಸ್-5ರಲ್ಲಿ ಕಾರಣ ಸ್ಪಷ್ಟ. ಬಟ್ಟೆಯ ಟಾಪ್ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ತೊಟ್ಟಿಗೆ ಇಳಿದು, ಎರಡು ಬದಿಯ ಕೊಳವೆಗಳಿಂದ ಹಿಂದಿನ ಚಕ್ರದ ಮುಂದೆ ಹೊರಬರಬೇಕು. ಎಲೆ, ಧೂಳು ಕಟ್ಟಿಕೊಂಡರೆ ನೀರು ಉಕ್ಕಿ ಸಿಲ್ಲಿನ ಒಳಕ್ಕೆ ಇಳಿಯುತ್ತದೆ. ಒಳಗಿನಿಂದ ಶುರುವಾದ ತುಕ್ಕು ಪೇಂಟಿನ ಮೇಲೆ ಗುಳ್ಳೆಯಾಗಿ ಕಾಣುವ ಹೊತ್ತಿಗೆ ಒಳಪದರ ಹೋಗಿರುತ್ತದೆ. ಪರೀಕ್ಷೆ ಸರಳ: ಪ್ರತಿ ಬದಿಗೆ ಅರ್ಧ ಲೀಟರ್ ನೀರು ನಿಧಾನವಾಗಿ ಸುರಿದು ಕೆಳಗೆ ನೋಡಿ. ಕೂಡಲೇ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರಿನ ಗಾಳಿ ಹೊಡೆಯಬೇಡಿ, ಒಳಗಿನ ಕೊಳವೆ ಜಾಯಿಂಟಿನಲ್ಲಿ ಕಳಚಿಕೊಂಡು ನೀರು ಶಾಶ್ವತವಾಗಿ ಸಿಲ್ಲಿಗೇ ಹೋಗುವಂತಾಗಬಹುದು.

ಸಿಲ್ಲಿನ ಉದ್ದಕ್ಕೂ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಖಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಥಪ್ ಎನ್ನುತ್ತದೆ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್ ಒಂದೇ ಜಾಗದಲ್ಲಿ ದಪ್ಪವಾಗಿದ್ದರೆ ಅದನ್ನು ಕೆರೆದು ನೋಡಲೇಬೇಕು.

ರಿಪೇರಿ ಎಂದರೆ ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ, 1ರಿಂದ 1.2 ಮಿ.ಮೀ. ಉಕ್ಕಿನ ತಗಡನ್ನು ಸುತ್ತಲೂ ಬಿಡದೆ ವೆಲ್ಡ್ ಮಾಡುವುದು. ಹೊರಪದರ ಮಾತ್ರ ಮುಚ್ಚಿ ಒಳಪದರ ಬಿಟ್ಟರೆ ಬಲ ಬರುವುದಿಲ್ಲ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಕಳಚಿ, ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳು ಎಲ್ಲಿ ಹಾದಿವೆ ನೋಡಿ, ಕಾರ್ಪೆಟ್ ತೆಗೆಯಿರಿ. ತೆರೆದ ಕಾರಿಗೆ ಎರಡೂ ಬದಿಯ ಸಿಲ್ ಒಟ್ಟಿಗೆ ಕತ್ತರಿಸಬೇಡಿ. ಬಾಡಿ ಬಾಗಿದರೆ ಬಾಗಿಲು ಮತ್ತೆ ಕೂರುವುದಿಲ್ಲ. ಕೊನೆಯಲ್ಲಿ ಪೊಳ್ಳಿನೊಳಗೆ ಮೇಣದ ಸ್ಪ್ರೇ ಹೊಡೆಯಿರಿ.

ಸಸ್ಪೆನ್ಷನ್, ಸ್ಟಿಯರಿಂಗ್, ಟೈರ್

ಚಕ್ರ ಮೇಲೆತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಎಡ-ಬಲ ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ನೋಡಿ. ಜಾಯಿಂಟ್ ಗಟ್ಟಿಯಿದ್ದು ರಬ್ಬರ್ ಟೋಪಿ ಮಾತ್ರ ಹರಿದಿದ್ದರೂ ಫೇಲ್ ಆಗುತ್ತದೆ. ಬೇಗ ಗಮನಿಸಿದರೆ ಟೋಪಿ ಮಾತ್ರ ಬದಲಿಸಬಹುದು. ಕಾಯಿಲ್ ಸ್ಪ್ರಿಂಗಿನ ಕೆಳಗಿನ ಅರ್ಧ ಸುತ್ತು ಮುರಿದು ತಟ್ಟೆಯಲ್ಲೇ ಕೂತಿರುವುದು ಸಾಮಾನ್ಯ, ಕನ್ನಡಿ ಹಿಡಿದು ನೋಡದೆ ಕಾಣುವುದಿಲ್ಲ.

ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಹೊಸದು ಹಾಕಿದಾಗ ಬೋಲ್ಟನ್ನು ಕಾರು ನೆಲದ ಮೇಲೆ ತನ್ನ ಎತ್ತರದಲ್ಲಿ ನಿಂತಾಗಲೇ ಕೊನೆಯ ಬಿಗಿ ಮಾಡಬೇಕು. ಚಕ್ರ ಜೋತುಬಿದ್ದಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ತಗ್ಗಿಸಿದ ಕಾರುಗಳಲ್ಲಿ ಒಳ ಅಂಚು ತಂತಿ ಕಾಣುವಷ್ಟು ಸವೆದಿದ್ದರೂ ಹೊರಗಿನಿಂದ ಗೆರೆ ತುಂಬಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಳಬದಿ ನೋಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2316 ಎಂದರೆ 2016ರ 23ನೇ ವಾರ. ಗೆರೆ ತುಂಬಿದ್ದರೂ ಪಕ್ಕದಲ್ಲಿ ಬಿರುಕು ಕಂಡರೆ ಬದಲಿಸಿ.

ಪೆಟ್ರೋಲ್ ಹೋಸ್, ದೀಪ ಮತ್ತು ಉಳಿದದ್ದು

ಟ್ಯಾಂಕ್ ಹತ್ತಿರದ ರಬ್ಬರ್ ಹೋಸನ್ನು ಬೆರಳಿಂದ ಬಾಗಿಸಿ ನೋಡಿ. ಬಿರುಕು ಕಂಡರೆ ಎಥೆನಾಲ್ ಬೆರೆತ ಪೆಟ್ರೋಲಿಗೆ ತಡೆಯುವ, ಇಂಜೆಕ್ಷನ್ ಒತ್ತಡಕ್ಕೆ ಮಾಡಿದ ಹೋಸ್ ಹಾಕಿ. ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದು ಅಂಥದ್ದು.

ಹೆಡ್‌ಲೈಟ್ ಮಂದವಾಗಿದ್ದರೆ ಬಲ್ಬ್ ಬದಲಿಸುವ ಮುನ್ನ ದೀಪ ಉರಿಯುತ್ತಿರುವಾಗಲೇ ಬಲ್ಬಿನ ಅರ್ಥ್ ಪಿನ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ವೋಲ್ಟೇಜ್ ಅಳೆಯಿರಿ. 0.2 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥ್ ತಂತಿಯ ಕಾಲು ತುಕ್ಕು ಹಿಡಿದಿದೆ, ಉಜ್ಜಿ ಬಿಗಿ ಮಾಡಿ. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಮಿಣುಕಿದರೂ ಕಾರಣ ಅದೇ. ಹ್ಯಾಲೊಜನ್‌ಗೆ ಮಾಡಿದ ಬುರುಡೆಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕಿನ ಗೆರೆ ಕೆಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೆಳಕು ಎಷ್ಟೇ ಜೋರಿದ್ದರೂ ಅದು ಫೇಲ್. ಸ್ಪ್ರಿಂಗ್ ಬದಲಿಸಿದ ಮೇಲೆ ಅಥವಾ ಕಾರು ತಗ್ಗಿಸಿದ ಮೇಲೆ ದೀಪದ ಕೋನ ಮತ್ತೆ ಹೊಂದಿಸಿ. ಶೇ 1ರ ಇಳಿತ ಎಂದರೆ 10 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಗೆರೆ ದೀಪದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗೆ.

ಮೂಲದ್ದರ ಬದಲು ಬೇರೆ ಸ್ಟಿಯರಿಂಗ್ ಚಕ್ರ ಹಾಕಿದ ಕಾರಿನಲ್ಲಿ ಹಾರ್ನ್ ಸಂಪರ್ಕ ಮತ್ತು ಏರ್‌ಬ್ಯಾಗ್ ದೀಪ ಎರಡನ್ನೂ ನೋಡಿ. ಸೀಟ್‌ಬೆಲ್ಟ್ ಪೂರ್ತಿ ಎಳೆದು ಅಂಚು ಹರಿದಿದೆಯೇ, ಬಿಟ್ಟಾಗ ತಾನಾಗಿ ಸುತ್ತಿಕೊಳ್ಳುತ್ತದೆಯೇ ಪರೀಕ್ಷಿಸಿ. ಓಬಿಡಿ (ಕಾರು ತನ್ನ ದೋಷಗಳನ್ನು ತಾನೇ ದಾಖಲಿಸುವ ವ್ಯವಸ್ಥೆ) ಇರುವ ಕಾರಿನಲ್ಲಿ ಎಂಜಿನ್ ದೀಪ ಕೀ ತಿರುಗಿಸಿದಾಗ ಹತ್ತಿ, ಎಂಜಿನ್ ಚಾಲೂ ಆದಾಗ ಆರಬೇಕು. ಹತ್ತದೇ ಇದ್ದರೂ ಫೇಲ್. ತಪಾಸಣೆಯ ಹಿಂದಿನ ದಿನ ದಾಖಲಾದ ದೋಷದ ಕೋಡ್ ಅಳಿಸುವುದಾಗಲಿ ಬ್ಯಾಟರಿ ಕಳಚುವುದಾಗಲಿ ಬೇಡ. ಇಸಿಯುವಿನ ಸ್ವಯಂ ಪರೀಕ್ಷೆಗಳು ಮತ್ತೆ ಮುಗಿಯಲು ತಣ್ಣನೆಯ ಸ್ಟಾರ್ಟ್, ಊರೊಳಗಿನ ಓಟ, ಒಂದೇ ವೇಗದ ಹೆದ್ದಾರಿ ಓಟ ಎಲ್ಲವೂ ಬೇಕು. ಅವು ಮುಗಿದಿವೆ ಎಂದು ಸ್ಕ್ಯಾನರಿನಲ್ಲಿ ಖಾತ್ರಿ ಮಾಡಿಕೊಂಡೇ ಮರುಪರೀಕ್ಷೆಯ ದಿನ ಗೊತ್ತುಮಾಡಿ.